ಮ್ಯಾಟ್‌ಲ್ಯಾಬ್ ಬದಲಿಗೆ ಗ್ನೂ ಆಕ್ಟೇವ್: ಎಂಜಿನಿಯರಿಂಗ್ ಲ್ಯಾಬಿನಲ್ಲಿ ನಿಂತು ನೋಡಿದ ವಿಮರ್ಶೆ

ಎಂಜಿನಿಯರಿಂಗ್ ಲೆಕ್ಕ, ನಕ್ಷೆಗಳಿಗೆ ಬಳಸುವ ಮ್ಯಾಟ್‌ಲ್ಯಾಬ್ ಎಂಬ ತಂತ್ರಾಂಶಕ್ಕೆ ಬದಲಿ ಯಾವುದು ಎಂಬ ಪ್ರಶ್ನೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚಾಗಿ ಹಣದ ಪ್ರಶ್ನೆಯಾಗಿಯೇ ಏಳುತ್ತದೆ. ಲೈಸೆನ್ಸ್ ನವೀಕರಣದ ಕಡತ ಆಡಳಿತ ಮಂಡಳಿಯ ಮುಂದೆ ಹೋಗುವ ತಿಂಗಳಲ್ಲಿ ಬಹುಪಾಲು ಅದೇ ಭಾಷೆಯನ್ನು ಓಡಿಸುವ ಉಚಿತ ತಂತ್ರಾಂಶ ಗ್ನೂ ಆಕ್ಟೇವ್ ಹೆಸರು ಕೇಳಿಬರುತ್ತದೆ. ಹಣ ಮಂಜೂರಾದ ಕೂಡಲೇ ಆ ಹೆಸರು ಮರೆಯಾಗುತ್ತದೆ. ಈ ವಿಮರ್ಶೆಯಲ್ಲಿ ಆಕ್ಟೇವ್ ತಂತ್ರಾಂಶವನ್ನು ಬೇರೊಂದು ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ. ವಿದ್ಯಾರ್ಥಿಯೊಬ್ಬ ನಾಲ್ಕು ವರ್ಷ ಕುಳಿತು ಬರೆದ ಪ್ರೋಗ್ರಾಮುಗಳು ಪದವಿ ಮುಗಿದ ಮರುದಿನವೂ ಅವನ ಸ್ವಂತ ಯಂತ್ರದಲ್ಲಿ ಓಡುತ್ತವೆಯೇ? ಸಿಗ್ನಲ್ ಪ್ರಾಸೆಸಿಂಗ್ ಮತ್ತು ಕಂಟ್ರೋಲ್ ಸಿಸ್ಟಮ್ಸ್ ಲ್ಯಾಬುಗಳಲ್ಲಿ ಎರಡೂ ತಂತ್ರಾಂಶಗಳನ್ನಿಟ್ಟುಕೊಂಡು ಪಾಠ ಮಾಡಿದವನಾಗಿ ಹೇಳುವುದಾದರೆ, ಈ ಪ್ರಶ್ನೆಗೆ ಆಕ್ಟೇವ್ ಕೊಡುವ ಉತ್ತರ ಗಟ್ಟಿಯಾಗಿದೆ. ಎಲ್ಲ ಕೆಲಸಕ್ಕೂ ಅದು ಒದಗುವುದಿಲ್ಲ ಎಂಬುದೂ ಅಷ್ಟೇ ನಿಜ. ಎಲ್ಲಿ ಒದಗುವುದಿಲ್ಲ ಎಂಬುದನ್ನು ಮುಚ್ಚಿಡದೆ ಬರೆಯುತ್ತೇನೆ.

ಈ ಎರಡು ತಂತ್ರಾಂಶಗಳ ಹುಟ್ಟಿನಲ್ಲಿ ಒಂದು ಕುತೂಹಲಕರ ಹೋಲಿಕೆಯಿದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಕ್ಲೀವ್ ಮೋಲರ್, ತಮ್ಮ ವಿದ್ಯಾರ್ಥಿಗಳು ಫೋರ್ಟ್ರಾನ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವ ಗೋಜಿಲ್ಲದೆ ಲಿನ್‌ಪ್ಯಾಕ್ ಮತ್ತು ಐಸ್‌ಪ್ಯಾಕ್ ಎಂಬ ಗಣಿತ ಗ್ರಂಥಾಲಯಗಳನ್ನು, ಅಂದರೆ ಸಿದ್ಧ ಪ್ರೋಗ್ರಾಮುಗಳ ಸಂಗ್ರಹಗಳನ್ನು, ಬಳಸುವಂತಾಗಲಿ ಎಂದು ಮೊದಲ ಮ್ಯಾಟ್‌ಲ್ಯಾಬ್ ಬರೆದರು. ಆಗ ಅದಕ್ಕೆ ಬೆಲೆಯಿರಲಿಲ್ಲ. 1984ರಲ್ಲಿ ಜಾಕ್ ಲಿಟಲ್ ಮತ್ತು ಸ್ಟೀವ್ ಬ್ಯಾಂಗರ್ಟ್ ಅವರೊಂದಿಗೆ ಸೇರಿ ಮೋಲರ್ ಮ್ಯಾಥ್‌ವರ್ಕ್ಸ್ ಕಂಪನಿ ಕಟ್ಟಿದ ಮೇಲೆ ಅದು ಮಾರಾಟದ ಸರಕಾಯಿತು. ಆಕ್ಟೇವ್ ಹುಟ್ಟಿದ್ದೂ ಫೋರ್ಟ್ರಾನ್ ಕಾಟದಿಂದಲೇ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ರಾಲಿಂಗ್ಸ್ ಮತ್ತು ಟೆಕ್ಸಸ್ ವಿಶ್ವವಿದ್ಯಾಲಯದ ಜಾನ್ ಎಕರ್ಟ್ ರಾಸಾಯನಿಕ ರಿಯಾಕ್ಟರ್ ವಿನ್ಯಾಸದ ಪಠ್ಯಪುಸ್ತಕವೊಂದನ್ನು ಬರೆಯುತ್ತಿದ್ದಾಗ ಅದಕ್ಕೆ ಜೊತೆಯಾಗಿ ಒಂದು ತಂತ್ರಾಂಶ ಬೇಕೆಂಬ ಯೋಚನೆ 1988ರ ಸುಮಾರಿಗೆ ಮೊಳೆಯಿತು. ವಿದ್ಯಾರ್ಥಿಗಳು ರಸಾಯನ ವಿಜ್ಞಾನ ಕಲಿಯುವುದಕ್ಕಿಂತ ಹೆಚ್ಚು ಹೊತ್ತನ್ನು ತಮ್ಮ ಫೋರ್ಟ್ರಾನ್ ಪ್ರೋಗ್ರಾಮಿನ ದೋಷ ಹುಡುಕುವುದರಲ್ಲಿ ಕಳೆಯುತ್ತಿದ್ದುದು ಅದಕ್ಕೆ ಕಾರಣ. ಆ ತಂತ್ರಾಂಶವನ್ನು ಬರೆಯುವ ಪೂರ್ಣಾವಧಿ ಕೆಲಸವನ್ನು ಜಾನ್ ಈಟನ್ 1992ರಲ್ಲಿ ಆರಂಭಿಸಿದರು. 1993ರ ಜನವರಿಯಲ್ಲಿ ಮೊದಲ ಪ್ರಾಯೋಗಿಕ ಆವೃತ್ತಿಯೂ 1994ರ ಫೆಬ್ರುವರಿಯಲ್ಲಿ 1.0 ಆವೃತ್ತಿಯೂ ಹೊರಬಂದವು. ಹೆಸರು ಕೇಳಿ ಸಂಗೀತವನ್ನು ನೆನೆಯುವವರಿದ್ದಾರೆ. ಅದು ಈಟನ್ ಅವರ ಗುರು, ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರು. ಲೆಕ್ಕವನ್ನು ಲಕೋಟೆಯ ಹಿಂಬದಿಯಲ್ಲೇ ಬಗೆಹರಿಸಿಬಿಡುತ್ತಿದ್ದರೆಂಬ ಖ್ಯಾತಿ ಅವರದು.

ಎರಡೂ ತರಗತಿಯ ಅಗತ್ಯದಿಂದಲೇ ಬಂದವು. ಹಾದಿಗಳು ಮಾತ್ರ ಬೇರೆಯಾದವು. ಆಕ್ಟೇವ್ ಈಗ ಗ್ನೂ ಸಾರ್ವಜನಿಕ ಪರವಾನಗಿಯ 3ನೇ ಆವೃತ್ತಿ ಅಥವಾ ನಂತರದ ಆವೃತ್ತಿಯ ಅಡಿಯಲ್ಲಿ ಸಿಗುತ್ತದೆ. ಯಾರು ಬೇಕಾದರೂ ಯಾವ ಉದ್ದೇಶಕ್ಕಾದರೂ ಬಳಸಬಹುದು, ಒಳಗಿನ ಕೋಡ್ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಅದೇ ಪರವಾನಗಿಯಲ್ಲಿ ಹಂಚಬಹುದು. ಕಂಪನಿಗಳಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಗಳು ಪದೇಪದೇ ಕೇಳುವ ಸಂದೇಹವೊಂದನ್ನು ಇಲ್ಲಿಯೇ ಬಿಡಿಸಬಹುದು. ಆಕ್ಟೇವ್‌ನಲ್ಲಿ ಬರೆದ ಮಾತ್ರಕ್ಕೆ ನಿಮ್ಮ ಸ್ವಂತ ಎಂ ಫೈಲ್‌ಗಳಿಗೆ (.m ಎಂದು ಕೊನೆಯಾಗುವ ಪ್ರೋಗ್ರಾಮು ಫೈಲ್‌ಗಳಿಗೆ) ಆ ಪರವಾನಗಿ ಅಂಟಿಕೊಳ್ಳುವುದಿಲ್ಲ. ಸಿ++ನಲ್ಲಿ ಬರೆದು ಆಕ್ಟೇವ್ ಗ್ರಂಥಾಲಯಗಳಿಗೆ ನೇರವಾಗಿ ಜೋಡಿಸಿದ ಭಾಗವನ್ನು ಹೊರಗಿನವರಿಗೆ ಹಂಚುವಾಗ ಮಾತ್ರ ಪರವಾನಗಿಯ ನಿಯಮ ಅನ್ವಯಿಸುತ್ತದೆ.

ಸ್ಥಾಪಿಸುವ ಕೆಲಸ ಸುಲಭ. ವಿಂಡೋಸ್‌ಗೆ ಸಿಗುವ ಇನ್‌ಸ್ಟಾಲರ್ ಕೆಲವು ನೂರು ಎಂಬಿ ಗಾತ್ರದ್ದು, ಲ್ಯಾಬಿಗೆ ಬೇಕಾದ ಬಹುತೇಕ ಪ್ಯಾಕೇಜುಗಳು, ಅಂದರೆ ಹೆಚ್ಚುವರಿ ಫಂಕ್ಷನ್‌ಗಳ ಕಟ್ಟುಗಳು, ಅದರೊಳಗೇ ಇರುತ್ತವೆ. ಉಬುಂಟುವಿನಲ್ಲಿ ಆಕ್ಟೇವ್ ಮತ್ತು ಅದರ ಪ್ಯಾಕೇಜುಗಳು ವ್ಯವಸ್ಥೆಯ ಸ್ವಂತ ಭಂಡಾರದಿಂದಲೇ ಬರುತ್ತವೆ. ಲೈಸೆನ್ಸ್ ಸರ್ವರ್ ಇಲ್ಲ, ಖಾತೆ ತೆರೆಯುವಂತಿಲ್ಲ, ಒಂದು ಪೆನ್‌ಡ್ರೈವ್ ಹಿಡಿದು ಅಂತರಜಾಲ ಸಂಪರ್ಕವಿಲ್ಲದ ಲ್ಯಾಬಿನ ಎಲ್ಲ ಯಂತ್ರಗಳಿಗೂ ಹಾಕಿಬರಬಹುದು. ಹಾಸ್ಟೆಲಿನ ಲ್ಯಾಪ್‌ಟಾಪಿನಲ್ಲೂ, ಊರಿನ ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲೂ ಅದೇ ತಂತ್ರಾಂಶ ಸಿಗುವುದರಿಂದ ಲ್ಯಾಬಿನಲ್ಲಿ ಅರ್ಧಕ್ಕೆ ನಿಂತ ಪ್ರಯೋಗ ರಾತ್ರಿ ಮುಂದುವರಿಯುತ್ತದೆ.

ಆಕ್ಟೇವ್ ಎಂದರೆ ಕಪ್ಪು ಪರದೆಯ ಮೇಲೆ ಮಿನುಗುವ ಗೆರೆ ಎಂಬ ಅಭಿಪ್ರಾಯ ಹಿರಿಯ ಅಧ್ಯಾಪಕರಲ್ಲಿ ಇನ್ನೂ ಉಳಿದಿದೆ. ಅದಕ್ಕೆ ಕಾರಣವೂ ಇದೆ: 2015ರ ಮೇ ತಿಂಗಳಲ್ಲಿ ಬಂದ 4.0 ಆವೃತ್ತಿಯವರೆಗೂ ಚಿತ್ರಾತ್ಮಕ ಪರದೆ ತಾನಾಗಿ ತೆರೆದುಕೊಳ್ಳುತ್ತಿರಲಿಲ್ಲ. ಈಗ ಕಮಾಂಡ್ ವಿಂಡೋ, ಎಡಿಟರ್, ವೇರಿಯಬಲ್‌ಗಳ ಪಟ್ಟಿ, ಫೈಲ್‌ಗಳ ಪಟ್ಟಿ, ಬ್ರೇಕ್‌ಪಾಯಿಂಟ್ ಇಟ್ಟು ಸಾಲುಸಾಲಾಗಿ ಓಡಿಸುವ ಡೀಬಗರ್ ಎಲ್ಲವೂ ಮ್ಯಾಟ್‌ಲ್ಯಾಬ್ ಬಳಸಿದವರಿಗೆ ಪರಿಚಿತವಾದ ಜಾಗಗಳಲ್ಲೇ ಸಿಗುತ್ತವೆ. ಅಂದ ಮಾತ್ರ ಕಡಿಮೆ. ಕಿಟಕಿಗಳನ್ನು ಎಳೆದು ಜೋಡಿಸುವಾಗ ಒರಟುತನ ಕಾಣುತ್ತದೆ, ಎಡಿಟರ್ ಕೊಡುವ ಸಲಹೆಗಳು ಮ್ಯಾಟ್‌ಲ್ಯಾಬ್‌ನಷ್ಟು ಚುರುಕಲ್ಲ. ಗ್ರಾಫಿಕ್ಸ್ ಡ್ರೈವರ್ ಸರಿಯಿಲ್ಲದ ಹಳೆಯ ಯಂತ್ರಗಳಲ್ಲಿ ನಕ್ಷೆಯ ಕಿಟಕಿ ಖಾಲಿಯಾಗಿ ತೆರೆದುಕೊಳ್ಳುವುದುಂಟು. ಆಗ ಗ್ರಾಫಿಕ್ಸ್ ಟೂಲ್‌ಕಿಟ್ ಅನ್ನು ಗ್ನೂಪ್ಲಾಟ್ ಎಂಬ ನಕ್ಷೆ ಬಿಡಿಸುವ ತಂತ್ರಾಂಶಕ್ಕೆ ಬದಲಿಸಿದರೆ ಕೆಲಸ ನಡೆಯುತ್ತದೆ. ಲ್ಯಾಬ್ ಸಹಾಯಕರಿಗೆ ಈ ಒಂದು ಸಂಗತಿ ಮೊದಲೇ ತಿಳಿದಿರಲಿ, ಅರ್ಧ ದಿನ ಉಳಿಯುತ್ತದೆ.

ಲ್ಯಾಬಿನ ಪ್ರಯೋಗಗಳಿಗೆ ಬರೋಣ. ಫೋರಿಯರ್ ಪರಿವರ್ತನೆ, ಕನ್ವಲ್ಯೂಷನ್, ಫಿಲ್ಟರ್ ಓಡಿಸುವ ಫಂಕ್ಷನ್ ಇವೆಲ್ಲ ಆಕ್ಟೇವ್‌ನ ಮೂಲ ಭಾಗದಲ್ಲೇ ಇವೆ. ಬಟರ್‌ವರ್ತ್, ಚೆಬಿಷೆವ್ ಫಿಲ್ಟರ್ ವಿನ್ಯಾಸ ಸಿಗ್ನಲ್ ಪ್ಯಾಕೇಜಿನಲ್ಲಿದೆ. ಸ್ಟೆಪ್ ರೆಸ್ಪಾನ್ಸ್, ರೂಟ್ ಲೋಕಸ್, ಬೋಡೆ, ನೈಕ್ವಿಸ್ಟ್ ನಕ್ಷೆಗಳು ಕಂಟ್ರೋಲ್ ಪ್ಯಾಕೇಜಿನಲ್ಲಿವೆ, ಮತ್ತು ಆ ಪ್ಯಾಕೇಜಿನ ಒಳಗೆ ದುಡಿಯುವುದು ಸ್ಲೈಕಾಟ್ ಎಂಬ ನುರಿತ ಫೋರ್ಟ್ರಾನ್ ಗ್ರಂಥಾಲಯ. ಚಿತ್ರ ಸಂಸ್ಕರಣೆಗೆ ಇಮೇಜ್, ಸಂಖ್ಯಾಶಾಸ್ತ್ರಕ್ಕೆ ಸ್ಟ್ಯಾಟಿಸ್ಟಿಕ್ಸ್ ಎಂಬ ಪ್ಯಾಕೇಜುಗಳಿವೆ. ಸ್ನಾತಕ ಮಟ್ಟದ ಸಿಗ್ನಲ್ ಮತ್ತು ಕಂಟ್ರೋಲ್ ಪಠ್ಯಕ್ರಮದ ಮಟ್ಟಿಗೆ, ಸ್ಯಾಂಪ್ಲಿಂಗ್ ಪ್ರಮೇಯದಿಂದ ಹಿಡಿದು ಐಐಆರ್ ಫಿಲ್ಟರ್‌ವರೆಗೆ, ಆಕ್ಟೇವ್‌ನಲ್ಲಿ ಮಾಡಲಾಗದ ಪ್ರಯೋಗ ನನಗೆ ಎದುರಾಗಿಲ್ಲ.

ಹೊಸಬರನ್ನು ಕಂಗೆಡಿಸುವುದು ಪ್ಯಾಕೇಜು ಲೋಡ್ ಮಾಡುವ ಪದ್ಧತಿ. ಮ್ಯಾಟ್‌ಲ್ಯಾಬ್‌ನಲ್ಲಿ ಟೂಲ್‌ಬಾಕ್ಸ್ (ಪ್ಯಾಕೇಜಿಗೆ ಅಲ್ಲಿಯ ಹೆಸರು) ಸ್ಥಾಪಿತವಾಗಿದ್ದರೆ ಸಾಕು, ಫಂಕ್ಷನ್ ಕರೆದ ಕೂಡಲೇ ಓಡುತ್ತದೆ. ಆಕ್ಟೇವ್‌ನಲ್ಲಿ ಪ್ಯಾಕೇಜು ಯಂತ್ರದಲ್ಲಿದ್ದರೂ ಪ್ರತಿ ಬಾರಿ ತೆರೆದಾಗ ಅದನ್ನು ಲೋಡ್ ಮಾಡುವ ಒಂದು ಸಾಲು ಬರೆಯಬೇಕು. ಮರೆತರೆ ಫಂಕ್ಷನ್ ಇಲ್ಲವೆಂಬ ದೋಷ ಬರುತ್ತದೆ. ಆ ದೋಷದ ಸಂದೇಶ ಮಾತ್ರ ಮೆಚ್ಚುವಂತಿದೆ: ಈ ಫಂಕ್ಷನ್ ಇಂಥ ಪ್ಯಾಕೇಜಿಗೆ ಸೇರಿದ್ದು, ಅದು ನಿಮ್ಮಲ್ಲಿ ಇದೆ, ಲೋಡ್ ಆಗಿಲ್ಲ, ಹೀಗೆ ಬರೆದು ಲೋಡ್ ಮಾಡಿಕೊಳ್ಳಿ ಎಂದು ಅದು ಬಿಡಿಸಿ ಹೇಳುತ್ತದೆ. ಆದರೂ ಪರೀಕ್ಷೆಯ ಆತಂಕದಲ್ಲಿರುವ ವಿದ್ಯಾರ್ಥಿ ಕೆಂಪು ಅಕ್ಷರ ಕಂಡೊಡನೆ ಓದುವುದನ್ನೇ ನಿಲ್ಲಿಸುತ್ತಾನೆ. ಆಕ್ಟೇವ್ ತೆರೆಯುವಾಗ ತಾನಾಗಿ ಓಡುವ ಆರಂಭಿಕ ಫೈಲಿನಲ್ಲಿ ಬೇಕಾದ ಪ್ಯಾಕೇಜುಗಳನ್ನು ಒಮ್ಮೆ ಬರೆದಿಟ್ಟರೆ ಈ ತೊಂದರೆ ತೀರುತ್ತದೆ. ಸಂಕೇತಗಳ ಗಣಿತಕ್ಕೆ, ಅಂದರೆ ಲ್ಯಾಪ್ಲಾಸ್ ಪರಿವರ್ತನೆಯನ್ನು ಸೂತ್ರರೂಪದಲ್ಲೇ ಪಡೆಯುವಂಥ ಕೆಲಸಕ್ಕೆ, ಸಿಂಬಾಲಿಕ್ ಎಂಬ ಪ್ಯಾಕೇಜು ಇದೆ. ಅದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಿಂಪೈ ಗ್ರಂಥಾಲಯದ ಹೆಗಲೇರಿ ಕೂತಿರುವುದರಿಂದ ಎರಡರ ಆವೃತ್ತಿಗಳು ಹೊಂದದಿದ್ದಾಗ ಕೈಕೊಡುತ್ತದೆ, ಮತ್ತು ನಿಧಾನ.

ಹೊಂದಾಣಿಕೆಯ ವಿಷಯದಲ್ಲಿ ಆಕ್ಟೇವ್ ತಂಡದ ನಿಲುವು ಗಮನಾರ್ಹ. ಮ್ಯಾಟ್‌ಲ್ಯಾಬ್‌ನಲ್ಲಿ ಸರಿಯಾಗಿ ಓಡುವ ಪ್ರೋಗ್ರಾಮು ಆಕ್ಟೇವ್‌ನಲ್ಲಿ ಓಡದಿದ್ದರೆ ಅದನ್ನು ಅವರು ತಮ್ಮ ಕಡೆಯ ದೋಷವೆಂದೇ ದಾಖಲಿಸಿಕೊಳ್ಳುತ್ತಾರೆ. ಜೊತೆಗೆ ಮ್ಯಾಟ್‌ಲ್ಯಾಬ್‌ನ ಕೋಡ್ ನೋಡಿ ಬರೆಯಕೂಡದೆಂಬ ಕಟ್ಟುನಿಟ್ಟನ್ನೂ ಪಾಲಿಸುತ್ತಾರೆ. ಹೊರಗಿನ ವರ್ತನೆಯನ್ನು ನೋಡಿ, ಒಳಗಿನದನ್ನು ತಾವೇ ಹೊಸದಾಗಿ ಕಟ್ಟುತ್ತಾರೆ. ಇದರಿಂದ ಆಕ್ಟೇವ್ ಸದಾ ಒಂದು ಹೆಜ್ಜೆ ಹಿಂದೆಯೇ ಇರುತ್ತದೆ ಎಂದು ಭಾವಿಸಬೇಕಿಲ್ಲ. ಒಂದು ಸಾಲಿನ ಮ್ಯಾಟ್ರಿಕ್ಸನ್ನೂ ಒಂದು ಕಂಬದ ಮ್ಯಾಟ್ರಿಕ್ಸನ್ನೂ ಕೂಡಿಸಿದಾಗ ಅಳತೆಗಳನ್ನು ತಾನಾಗಿ ಹಿಗ್ಗಿಸಿ ಪೂರ್ಣ ಮ್ಯಾಟ್ರಿಕ್ಸ್ ಕೊಡುವ ಸೌಲಭ್ಯ ಆಕ್ಟೇವ್‌ಗೆ 2012ರ 3.6 ಆವೃತ್ತಿಯಲ್ಲೇ ಬಂದಿತ್ತು. ಮ್ಯಾಟ್‌ಲ್ಯಾಬ್ ಅದನ್ನು ಕೊಟ್ಟದ್ದು 2016ರಲ್ಲಿ. ಫಂಕ್ಷನ್ ಹಿಂತಿರುಗಿಸಿದ ಮ್ಯಾಟ್ರಿಕ್ಸಿನ ಬೆನ್ನಿಗೇ ಆವರಣ ಹಾಕಿ ಅದರ ಒಂದು ಅಂಶವನ್ನು ಹೆಕ್ಕಿಕೊಳ್ಳುವ ಅನುಕೂಲವೂ ಆಕ್ಟೇವ್‌ನಲ್ಲಿದೆ. ಮ್ಯಾಟ್‌ಲ್ಯಾಬ್‌ನಲ್ಲಿ ಅದಕ್ಕೆ ನಡುವೆ ಒಂದು ವೇರಿಯಬಲ್ ಬೇಕು.

ಅಂಥ ಅನುಕೂಲಗಳೇ ಬಲೆಯೂ ಆಗುತ್ತವೆ. ಆಕ್ಟೇವ್ ಟಿಪ್ಪಣಿಗೆ # ಚಿಹ್ನೆಯನ್ನೂ ಒಪ್ಪುತ್ತದೆ, ಸಮವಲ್ಲ ಎನ್ನಲು != ಅನ್ನೂ ಒಪ್ಪುತ್ತದೆ, += ಬರೆದರೂ ನಡೆಯುತ್ತದೆ, ಪ್ರತಿ ಇಫ್‌ಗೆ ಎಂಡ್‌ಇಫ್, ಪ್ರತಿ ಫಾರ್‌ಗೆ ಎಂಡ್‌ಫಾರ್ ಎಂದು ಮುಚ್ಚಲು ಬಿಡುತ್ತದೆ. ಓದುವುದಕ್ಕೆ ಇವೆಲ್ಲ ಚೆಂದ. ಇದೇ ಫೈಲನ್ನು ಮ್ಯಾಟ್‌ಲ್ಯಾಬ್ ಇರುವ ಕಡೆ ತೆಗೆದುಕೊಂಡು ಹೋದರೆ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಆದ್ದರಿಂದ ತರಗತಿಯಲ್ಲಿ ಟಿಪ್ಪಣಿಗೆ %, ಸಮವಲ್ಲ ಎನ್ನಲು ~=, ಮುಚ್ಚುವುದಕ್ಕೆ ಬರಿಯ ಎಂಡ್ ಎಂಬ ಶಿಸ್ತನ್ನು ಮೊದಲ ವಾರದಿಂದಲೇ ರೂಢಿಸುವುದು ಒಳ್ಳೆಯದು. ಆಕ್ಟೇವ್ ಅನ್ನು ಮ್ಯಾಟ್‌ಲ್ಯಾಬ್ ರೀತಿನೀತಿಗೆ ಹತ್ತಿರವಾಗಿ ತೆರೆಯಲು ಟ್ರೆಡಿಷನಲ್ ಎಂಬ ಆಯ್ಕೆಯೊಂದಿದೆ. ಅದೇ ಆಯ್ಕೆಗೆ ಬ್ರೇನ್‌ಡೆಡ್ ಎಂಬ ಇನ್ನೊಂದು ಹೆಸರನ್ನೂ ಇಟ್ಟಿರುವುದು ತಂಡದವರ ತುಂಟತನ.

ಎದುರು ದಿಕ್ಕಿನ ತೊಡಕುಗಳು ಇನ್ನೂ ಗಂಭೀರ. ಮ್ಯಾಟ್‌ಲ್ಯಾಬ್‌ನ ಈಚಿನ ಪಠ್ಯಗಳಲ್ಲಿ ಬಳಕೆಯಲ್ಲಿರುವ ಟೇಬಲ್ ಎಂಬ ದತ್ತಾಂಶ ಮಾದರಿ ಆಕ್ಟೇವ್‌ನ ಮೂಲ ಭಾಗದಲ್ಲಿ ಇಲ್ಲ. ಎರಡು ಉದ್ಧರಣ ಚಿಹ್ನೆಯೊಳಗೆ ಬರೆದ ಪಠ್ಯ ಮ್ಯಾಟ್‌ಲ್ಯಾಬ್‌ನಲ್ಲಿ ಸ್ಟ್ರಿಂಗ್ ಎಂಬ ಪ್ರತ್ಯೇಕ ವಸ್ತುವಾದರೆ ಆಕ್ಟೇವ್‌ನಲ್ಲಿ ಹಳೆಯ ಅಕ್ಷರಗಳ ಸಾಲಾಗಿಯೇ ಉಳಿಯುತ್ತದೆ, ಹಾಗಾಗಿ ಎರಡು ಪಠ್ಯಗಳ ನಡುವೆ ಕೂಡುವ ಚಿಹ್ನೆ ಹಾಕಿದರೆ ಅಲ್ಲಿ ಜೋಡಿಸಿದ ಪಠ್ಯ ಬರುತ್ತದೆ, ಇಲ್ಲಿ ಅಕ್ಷರಸಂಕೇತಗಳ ಮೊತ್ತವೋ ಅಳತೆ ಹೊಂದುವುದಿಲ್ಲವೆಂಬ ದೋಷವೋ ಬರುತ್ತದೆ. ಸ್ಕ್ರಿಪ್ಟಿನ ಕೊನೆಯಲ್ಲಿ ಫಂಕ್ಷನ್‌ಗಳನ್ನು ಬರೆದು ಮೇಲಿನಿಂದ ಕರೆಯುವ ಪದ್ಧತಿ ಮ್ಯಾಟ್‌ಲ್ಯಾಬ್‌ನಲ್ಲಿ 2016ರಿಂದ ಇದೆ. ಆಕ್ಟೇವ್ ಮೇಲಿನಿಂದ ಕೆಳಕ್ಕೆ ಓಡಿಸುತ್ತ ಹೋಗುವುದರಿಂದ ಫಂಕ್ಷನ್ ಮೊದಲು, ಕರೆ ಆಮೇಲೆ ಬರಬೇಕು. ಕೋಡ್, ಟಿಪ್ಪಣಿ, ಉತ್ತರಗಳನ್ನು ಒಟ್ಟಿಗೆ ತೋರಿಸುವ ಮ್ಯಾಟ್‌ಲ್ಯಾಬ್‌ನ ಲೈವ್ ಸ್ಕ್ರಿಪ್ಟ್ ಫೈಲ್‌ಗಳೂ ಗುಂಡಿ, ಪಟ್ಟಿಗಳ ಪರದೆ ಕಟ್ಟುವ ಅದರ ಆ್ಯಪ್ ಡಿಸೈನರ್‌ನಲ್ಲಿ ಮಾಡಿದ ಕಿಟಕಿಗಳೂ ಆಕ್ಟೇವ್‌ನಲ್ಲಿ ತೆರೆಯುವುದಿಲ್ಲ. ಅಂತರಜಾಲದಲ್ಲಿ ಸಿಕ್ಕ ಮ್ಯಾಟ್‌ಲ್ಯಾಬ್ ಕೋಡ್ ಹತ್ತು ವರ್ಷ ಹಳೆಯದಾದಷ್ಟೂ ಆಕ್ಟೇವ್‌ನಲ್ಲಿ ನಿರಾಯಾಸವಾಗಿ ಓಡುತ್ತದೆ, ಹೊಸದಾದಷ್ಟೂ ತಿದ್ದುವ ಕೆಲಸ ಹೆಚ್ಚು ಎಂಬ ಅಂದಾಜಿನಲ್ಲಿ ಹೊರಡಬಹುದು.

ವೇಗದ ಬಗ್ಗೆ ಎರಡು ಮಾತು. ಮ್ಯಾಟ್ರಿಕ್ಸ್ ಗುಣಾಕಾರ, ಸಮೀಕರಣಗಳ ಗುಂಪನ್ನು ಬಿಡಿಸುವುದು, ಫೋರಿಯರ್ ಪರಿವರ್ತನೆ ಇಂಥ ಕೆಲಸಗಳನ್ನು ಆಕ್ಟೇವ್ ತಾನೇ ಮಾಡುವುದಿಲ್ಲ. ಓಪನ್‌ಬ್ಲಾಸ್, ಲ್ಯಾಪ್ಯಾಕ್, ಎಫ್‌ಎಫ್‌ಟಿಡಬ್ಲ್ಯು ಎಂಬ ಗ್ರಂಥಾಲಯಗಳಿಗೆ ಒಪ್ಪಿಸುತ್ತದೆ. ಮ್ಯಾಟ್‌ಲ್ಯಾಬ್ ಕೂಡ ಅದೇ ಜಾತಿಯ ಗ್ರಂಥಾಲಯಗಳನ್ನು ನೆಚ್ಚಿಕೊಂಡಿರುವುದರಿಂದ ಅಲ್ಲಿ ವ್ಯತ್ಯಾಸ ಲ್ಯಾಬಿನ ಅಳತೆಯಲ್ಲಿ ಕಾಣುವುದಿಲ್ಲ. ಒಂದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವ ಲೂಪ್‌ಗಳ ಕಥೆ ಬೇರೆ. ಮ್ಯಾಟ್‌ಲ್ಯಾಬ್ ಓಡುತ್ತಿರುವಾಗಲೇ ಲೂಪನ್ನು ಯಂತ್ರಭಾಷೆಗೆ ಇಳಿಸಿಕೊಳ್ಳುತ್ತದೆ. ಆಕ್ಟೇವ್ ಪ್ರತಿ ಸಾಲನ್ನೂ ಪ್ರತಿ ಸುತ್ತಿನಲ್ಲೂ ಹೊಸದಾಗಿ ಅರ್ಥೈಸುತ್ತ ಹೋಗುತ್ತದೆ. ಹತ್ತು ಲಕ್ಷ ಸುತ್ತಿನ ಲೂಪೊಂದು ಅಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿದರೆ ಇಲ್ಲಿ ಕಾದು ಕೂರಬೇಕಾಗುತ್ತದೆ. ಮಾಂಟೆ ಕಾರ್ಲೊ ಲೆಕ್ಕಗಳನ್ನೋ ಅಡಾಪ್ಟಿವ್ ಫಿಲ್ಟರ್‌ಗಳನ್ನೋ ಲೂಪ್ ಇಟ್ಟು ಬರೆಯುವವರಿಗೆ ಇದು ನಿಜವಾದ ಕೊರತೆ. ಲೂಪನ್ನು ಮ್ಯಾಟ್ರಿಕ್ಸ್ ಕ್ರಿಯೆಯಾಗಿ ಮಾರ್ಪಡಿಸಿ ಬರೆಯುವುದನ್ನು ಕಲಿಸಲು ಈ ಕೊರತೆ ಒಂದು ನೆಪವಾಗುತ್ತದೆ ಎಂದು ನಾನು ಸಮಾಧಾನ ಹೇಳಿಕೊಳ್ಳುತ್ತೇನೆ, ಆದರೆ ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ದಿನ ಅದು ಯಾರಿಗೂ ಸಮಾಧಾನ ಕೊಡುವುದಿಲ್ಲ.

ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಆಕ್ಟೇವ್ ಪಠ್ಯವನ್ನು ಯುಟಿಎಫ್-8 ಬೈಟ್‌ಗಳ ಸಾಲಾಗಿ ಇಟ್ಟುಕೊಳ್ಳುತ್ತದೆ, ಅದರಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ ಮೂರು ಬೈಟ್ ಬೇಕು. "ಕನ್ನಡ" ಎಂಬುದರ ಉದ್ದ ಕೇಳಿದರೆ ಅದು 15 ಎನ್ನುತ್ತದೆ. ಮ್ಯಾಟ್‌ಲ್ಯಾಬ್ ಯೂನಿಕೋಡ್ ಸಂಕೇತಗಳನ್ನು ಎಣಿಸಿ 5 ಎನ್ನುತ್ತದೆ. ಶಾಲೆಯ ಮಗು ಮೂರು ಅಕ್ಷರ ಎನ್ನುತ್ತದೆ. ಬರಿ ಓದಿ ಬರೆಯುವುದಕ್ಕೆ, ಫೈಲಿಗೆ ಉಳಿಸುವುದಕ್ಕೆ ಇದರಿಂದ ಏನೂ ಆಗದು. ಪದವನ್ನು ತಿರುಗಿಸಿ ಬರೆಯುವ, ನಡುವಿನ ಅಕ್ಷರ ಹೆಕ್ಕುವ ಕೆಲಸಕ್ಕಿಳಿದರೆ ಬೈಟ್‌ಗಳು ಚೂರಾಗಿ ಅಕ್ಷರವೇ ಉಳಿಯುವುದಿಲ್ಲ. ಅಂಥ ಕೆಲಸಕ್ಕೆ ಪೈಥಾನ್ ಹೆಚ್ಚು ಯೋಗ್ಯ.

ಇನ್ನು ಆಕ್ಟೇವ್‌ನ ಅತಿ ದೊಡ್ಡ ಗೈರುಹಾಜರಿ: ಮ್ಯಾಟ್‌ಲ್ಯಾಬ್ ಜೊತೆಗಿನ ಸಿಮುಲಿಂಕ್ ಎಂಬ ತಂತ್ರಾಂಶಕ್ಕೆ ಅದರಲ್ಲಿ ಜೋಡಿಯಿಲ್ಲ. ಪರದೆಯ ಮೇಲೆ ಬ್ಲಾಕ್‌ಗಳನ್ನು ಎಳೆದು ತಂತಿ ಜೋಡಿಸಿ ಒಂದು ಮೋಟಾರನ್ನೋ ಬ್ರೇಕ್ ವ್ಯವಸ್ಥೆಯನ್ನೋ ಮಾದರಿಯಾಗಿ ಕಟ್ಟುವುದು, ಆ ಮಾದರಿಯಿಂದಲೇ ಮೈಕ್ರೋಕಂಟ್ರೋಲರ್‌ಗೆ ಬೇಕಾದ ಸಿ ಕೋಡ್ ಹೊರತೆಗೆಯುವುದು, ಅದನ್ನು ಪ್ರಮಾಣೀಕರಣಕ್ಕೆ ದಾಖಲಿಸುವುದು ಇವೆಲ್ಲ ಬೆಂಗಳೂರಿನ ವಾಹನ ತಂತ್ರಜ್ಞಾನ ಮತ್ತು ವೈಮಾನಿಕ ಕಂಪನಿಗಳಲ್ಲಿ ದಿನನಿತ್ಯದ ಕೆಲಸ. ಅಂಥ ಕೆಲಸದ ಮೇಲೆ ಕಣ್ಣಿಟ್ಟಿರುವ ವಿದ್ಯಾರ್ಥಿಗೆ ಆಕ್ಟೇವ್ ಸಾಕು ಎಂದು ಹೇಳಿದರೆ ಅದು ಮೋಸವಾಗುತ್ತದೆ. ಕಾಲೇಜಿನಲ್ಲಿ ಕ್ಯಾಂಪಸ್ ಲೈಸೆನ್ಸ್ ಇದ್ದರೆ ಸಿಮುಲಿಂಕ್ ಕಲಿಯಲೇಬೇಕು.

ಬ್ಲಾಕ್ ಚಿತ್ರದ ಕಲ್ಪನೆಯನ್ನು ಸ್ವತಂತ್ರ ತಂತ್ರಾಂಶದಲ್ಲೇ ಕಲಿಸಬೇಕೆಂದರೆ ಮ್ಯಾಟ್‌ಲ್ಯಾಬ್‌ನಂಥದೇ ಕೆಲಸಕ್ಕಿರುವ ಸೈಲ್ಯಾಬ್ ಜೊತೆಗೆ ಬರುವ ಎಕ್ಸ್‌ಕಾಸ್ ನೋಡಬಹುದು. ಸೈಲ್ಯಾಬ್ ಫ್ರಾನ್ಸ್‌ನ ಇನ್ರಿಯಾ ಸಂಶೋಧನಾ ಸಂಸ್ಥೆಯ ವಲಯದಲ್ಲಿ ಬೆಳೆದದ್ದು, ಭಾರತದಲ್ಲಿ ಅದಕ್ಕೆ ಆಕ್ಟೇವ್‌ಗಿಂತ ಹೆಚ್ಚಿನ ಸಾಂಸ್ಥಿಕ ಬೆಂಬಲ ದೊರೆತಿದೆ. ಶಿಕ್ಷಣದಲ್ಲಿ ಸ್ವತಂತ್ರ ತಂತ್ರಾಂಶಗಳ ಬಳಕೆಯನ್ನು ಬೆಳೆಸುವ ಐಐಟಿ ಬಾಂಬೆಯ ಫಾಸಿ ಯೋಜನೆಯಡಿ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳಿಗೆ ವಿದ್ಯಾರ್ಥಿಗಳಿಂದಲೇ ಸೈಲ್ಯಾಬ್ ಕೋಡ್ ಬರೆಸಿ ಪ್ರಕಟಿಸಲಾಗಿದೆ. ಅಲ್ಲಿಯದೇ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಸ್ವತಂತ್ರ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಧ್ವನಿಯಲ್ಲಿ ಕೊಡುತ್ತದೆ. ಹೀಗಿದ್ದೂ ಭಾಷೆಯಾಗಿ ನಾನು ಆಕ್ಟೇವ್ ಕಡೆಗೇ ವಾಲುತ್ತೇನೆ. ಸೈಲ್ಯಾಬ್‌ನಲ್ಲಿ ಟಿಪ್ಪಣಿಗೆ //, ಸ್ಥಿರಾಂಕ ಪೈಗೆ ಮುಂದೊಂದು % ಚಿಹ್ನೆ, ಬಹಳಷ್ಟು ಫಂಕ್ಷನ್‌ಗಳಿಗೆ ಬೇರೆಯೇ ಹೆಸರು. ಮ್ಯಾಟ್‌ಲ್ಯಾಬ್ ಫೈಲನ್ನು ಅದಕ್ಕೆ ಬದಲಾಯಿಸಿಕೊಳ್ಳಲು ಪರಿವರ್ತಕವೊಂದಿದೆ, ಆದರೆ ಪರಿವರ್ತನೆಯಾದ ಕೋಡನ್ನು ಮತ್ತೆ ಕೈಯಲ್ಲಿ ತಿದ್ದಬೇಕಾಗುತ್ತದೆ. ಮುಂದೆ ಮ್ಯಾಟ್‌ಲ್ಯಾಬ್ ಇರುವ ಕಡೆಗೇ ಕೆಲಸಕ್ಕೆ ಹೋಗಬಹುದಾದ ವಿದ್ಯಾರ್ಥಿಗೆ ಆಕ್ಟೇವ್‌ನಲ್ಲಿ ಕಲಿತದ್ದು ನೇರವಾಗಿ ಒದಗುತ್ತದೆ. ಜೂಲಿಯಾ, ಪೈಥಾನ್‌ಗಳನ್ನು ಈ ವಿಮರ್ಶೆಯಿಂದ ಹೊರಗಿಟ್ಟದ್ದೂ ಇದೇ ಕಾರಣಕ್ಕೆ: ಅವು ಉತ್ತಮ ಭಾಷೆಗಳು, ಆದರೆ ಅವುಗಳಿಗೆ ಹೋಗುವುದೆಂದರೆ ಇರುವ ಲ್ಯಾಬ್ ಕೈಪಿಡಿಯನ್ನು ಪೂರ್ತಿ ಹೊಸದಾಗಿ ಬರೆಯುವುದು.

ಈಗ ಮೊದಲು ಎತ್ತಿದ ಪ್ರಶ್ನೆ, ಪ್ರೋಗ್ರಾಮು ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದು. ಕ್ಯಾಂಪಸ್ ಲೈಸೆನ್ಸ್ ವಿದ್ಯಾರ್ಥಿಯ ದಾಖಲಾತಿಗೆ ಕಟ್ಟಿಕೊಂಡಿರುತ್ತದೆ. ಪದವಿ ಮುಗಿದರೆ ಅದೂ ಮುಗಿಯುತ್ತದೆ. ಟೂಲ್‌ಬಾಕ್ಸ್‌ಗಳು ಬಿಡಿಬಿಡಿಯಾಗಿ ಮಾರಾಟವಾಗುವುದರಿಂದ, ಕಾಲೇಜಿನಲ್ಲಿ ಎಲ್ಲ ಟೂಲ್‌ಬಾಕ್ಸ್ ಇದ್ದ ಯಂತ್ರದಲ್ಲಿ ಬರೆದ ಫಿಲ್ಟರ್ ವಿನ್ಯಾಸ ಬರಿಯ ಮ್ಯಾಟ್‌ಲ್ಯಾಬ್ ಕೊಂಡ ಸಣ್ಣ ಕಂಪನಿಯಲ್ಲಿ ಓಡದೆ ನಿಲ್ಲಬಹುದು. ತಿಂಗಳಿಗೆ 20 ಗಂಟೆ ಉಚಿತವಾಗಿ ಬಳಸಬಹುದಾದ ಮ್ಯಾಟ್‌ಲ್ಯಾಬ್ ಆನ್‌ಲೈನ್ ಸೇವೆ ಇದೆ, ಅದು ಕಲಿಯುವವರಿಗೆ ಉಪಕಾರಿಯೇ. ಆದರೆ ಅದಕ್ಕೂ ಖಾತೆ, ಸಂಪರ್ಕ, ಕಂಪನಿಯ ಸರ್ವರ್ ಬೇಕು. 2025ರ ಮೇ ತಿಂಗಳಲ್ಲಿ ಮ್ಯಾಥ್‌ವರ್ಕ್ಸ್ ಮೇಲೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ದಾಳಿಯಾದಾಗ ಅದರ ಆನ್‌ಲೈನ್ ಸೇವೆಗಳು, ಲೈಸೆನ್ಸ್ ಕೇಂದ್ರವೂ ಸೇರಿದಂತೆ, ದಿನಗಟ್ಟಲೆ ಅಸ್ತವ್ಯಸ್ತವಾದವು. ಕಂಪನಿಯ ತಪ್ಪು ಒಂದಿಷ್ಟೂ ಇಲ್ಲದೆ ಬಾಗಿಲು ಮುಚ್ಚಿದ ಪ್ರಸಂಗವೂ ಇದೆ. ಅಮೆರಿಕ ಸರ್ಕಾರ ನಿರ್ಬಂಧಿತ ಸಂಸ್ಥೆಗಳ ಪಟ್ಟಿಗೆ ಸೇರಿಸಿದ ಕಾರಣ ಚೀನಾದ ಹಾರ್ಬಿನ್ ತಂತ್ರಜ್ಞಾನ ಸಂಸ್ಥೆ ಮತ್ತು ಹಾರ್ಬಿನ್ ಎಂಜಿನಿಯರಿಂಗ್ ವಿಶ್ವವಿದ್ಯಾಲಯಗಳು 2020ರಲ್ಲಿ ಮ್ಯಾಟ್‌ಲ್ಯಾಬ್ ಬಳಕೆಯ ಹಕ್ಕು ಕಳೆದುಕೊಂಡವು. ಅಲ್ಲಿಯ ವಿದ್ಯಾರ್ಥಿಗಳು ಅದುವರೆಗೆ ಬರೆದ ಪ್ರಬಂಧದ ಕೋಡ್‌ಗೆ ಏನು ಬೆಲೆ ಬಂದಿರಬೇಕು ಎಂದು ಯಾವ ಅಧ್ಯಾಪಕನಾದರೂ ಊಹಿಸಬಲ್ಲ. ಆಕ್ಟೇವ್‌ನಲ್ಲಿ ಕೊಟ್ಟ ಹಕ್ಕನ್ನು ಹಿಂತೆಗೆದುಕೊಳ್ಳಲು ಯಾರಿಗೂ ಬರುವುದಿಲ್ಲ. ಈ ದಿನ ಪೆನ್‌ಡ್ರೈವಿನಲ್ಲಿರುವ ಆವೃತ್ತಿ ಅದು ಓಡುವ ಯಂತ್ರ ಇರುವಷ್ಟು ಕಾಲ ಓಡುತ್ತದೆ. ವೇರಿಯಬಲ್‌ಗಳನ್ನು ಉಳಿಸಿದಾಗಲೂ, ಬೇರೆ ರೂಪ ಕೇಳದ ಹೊರತು, ಯಾವ ಎಡಿಟರ್‌ನಲ್ಲಾದರೂ ತೆರೆದು ಓದಬಹುದಾದ ಸಾದಾ ಪಠ್ಯವಾಗಿ ಉಳಿಸುತ್ತದೆ.

ಒಳಗನ್ನು ನೋಡಲು ಸಿಗುವ ಅವಕಾಶವನ್ನು ನಮ್ಮ ತರಗತಿಗಳು ಬಳಸಿಕೊಂಡಿದ್ದು ತೀರಾ ಕಡಿಮೆ. ಮ್ಯಾಟ್‌ಲ್ಯಾಬ್‌ನಲ್ಲೂ ಎಷ್ಟೋ ಫಂಕ್ಷನ್‌ಗಳ ಎಂ ಫೈಲ್ ತೆರೆದು ಓದಬಹುದು, ಆದರೆ ಒಡಲಿನೊಳಗೆ ಬೆಸೆದ ಫಂಕ್ಷನ್‌ಗಳ ಬಳಿ ಬಂದಾಗ ಗೋಡೆ ಎದುರಾಗುತ್ತದೆ. ಫಿಲ್ಟರ್ ಫಂಕ್ಷನ್ ಅಂಥದ್ದು. ಆಕ್ಟೇವ್‌ನಲ್ಲಿ ಅದರ ಸಿ++ ಕೋಡ್ ತೆರೆದರೆ ಡಿಫರೆನ್ಸ್ ಸಮೀಕರಣ ಲೂಪ್ ಆಗಿ ಹೇಗೆ ನಿಂತಿದೆ, ಹಿಂದಿನ ಸ್ಥಿತಿಯನ್ನು ಎಲ್ಲಿ ಇಟ್ಟುಕೊಂಡಿದೆ, ಮೊದಲ ಗುಣಾಂಕ ಸೊನ್ನೆಯಾಗಿದ್ದರೆ ಏನು ಮಾಡುತ್ತದೆ ಎಂಬುದೆಲ್ಲ ಕಣ್ಣೆದುರೇ ಇದೆ. ಬೋರ್ಡಿನ ಮೇಲೆ ಬರೆದ ಸಮೀಕರಣಕ್ಕೂ ಯಂತ್ರದಲ್ಲಿ ಓಡುವ ಕೋಡ್‌ಗೂ ಇರುವ ಸಂಬಂಧವನ್ನು ಇಷ್ಟು ಹತ್ತಿರದಿಂದ ತೋರಿಸುವ ಇನ್ನೊಂದು ಪಾಠ ನಮ್ಮ ಪಠ್ಯಕ್ರಮದಲ್ಲಿ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಸಹಾಯ ಪುಟಗಳಲ್ಲಿ ಮಾತ್ರ ಮ್ಯಾಟ್‌ಲ್ಯಾಬ್ ಬಹಳ ಮುಂದಿದೆ. ಅಲ್ಲಿ ಪ್ರತಿ ಫಂಕ್ಷನ್‌ಗೂ ಚಿತ್ರಸಹಿತ ಉದಾಹರಣೆಗಳಿವೆ. ಆಕ್ಟೇವ್ ಕೈಪಿಡಿ ನಿಖರವಾಗಿದ್ದರೂ ಮಿತಭಾಷಿ, ಕೆಲವು ಪ್ಯಾಕೇಜುಗಳ ವಿವರಣೆ ಒಂದೆರಡು ಸಾಲಿಗೆ ಮುಗಿದುಬಿಡುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಂಡ್ರ್ಯೂ ಎನ್‌ಜಿ 2011ರಲ್ಲಿ ಅಂತರಜಾಲದಲ್ಲಿ ನಡೆಸಿದ ಮಷೀನ್ ಲರ್ನಿಂಗ್ ಕೋರ್ಸಿಗೆ ಆಕ್ಟೇವ್ ಆರಿಸಿಕೊಂಡದ್ದರಿಂದ ಆ ಕಾಲದ ಉದಾಹರಣೆಗಳು ಇನ್ನೂ ಹೇರಳವಾಗಿ ಸಿಗುತ್ತವೆ. ಆ ಕೋರ್ಸ್ ಆಮೇಲೆ ಪೈಥಾನ್‌ಗೆ ಹೊರಳಿತು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದ ಗಣಿತ ಲ್ಯಾಬಿಗೆ ಸೂಚಿಸಿದ ತಂತ್ರಾಂಶಗಳಲ್ಲಿ ಮ್ಯಾಟ್‌ಲ್ಯಾಬ್ ಜೊತೆಗೆ ಪೈಥಾನ್ ಮತ್ತು ಸೈಲ್ಯಾಬ್ ಹೆಸರುಗಳೂ ಇರುವುದರಿಂದ, ಒಂದೇ ಕಂಪನಿಯ ತಂತ್ರಾಂಶವೇ ಆಗಬೇಕೆಂಬ ವಾದ ಕಾಗದದ ಮೇಲೆ ಬಿದ್ದುಹೋಗಿದೆ. ಕೈಪಿಡಿ ಬದಲಿಸಲು ಹೊರಡುವ ವಿಭಾಗಗಳಿಗೆ ನನ್ನ ಸಲಹೆ ಇಷ್ಟು: ಕಂಟ್ರೋಲ್ ಲ್ಯಾಬಿನಿಂದ ಆರಂಭಿಸಿ, ಏಕೆಂದರೆ ಅಲ್ಲಿಯ ಫಂಕ್ಷನ್ ಹೆಸರುಗಳು ಬಹುತೇಕ ಹಾಗೆಯೇ ಇವೆ. 2022ರಿಂದ 2025ರವರೆಗೆ ಪ್ರತಿ ವರ್ಷ ಮಾರ್ಚ್, ಏಪ್ರಿಲ್ ಹೊತ್ತಿಗೆ ಆಕ್ಟೇವ್‌ನ ಹೊಸ ಆವೃತ್ತಿಯೊಂದು ಬಂದಿದೆ; ಸೆಮಿಸ್ಟರ್ ನಡುವೆ ಅದಕ್ಕೆ ಏರಬೇಡಿ, ಎಲ್ಲ ಯಂತ್ರಗಳಲ್ಲೂ ಒಂದೇ ಆವೃತ್ತಿ ಇರಲಿ. ಕೈಪಿಡಿಯ ಪ್ರತಿ ಪ್ರಯೋಗದ ಮೊದಲ ಸಾಲಿನಲ್ಲಿ ಪ್ಯಾಕೇಜು ಲೋಡ್ ಮಾಡುವ ಆದೇಶ ಅಚ್ಚಾಗಿರಲಿ. ಮೊದಲ ವರ್ಷ ಎರಡೂ ತಂತ್ರಾಂಶಗಳನ್ನು ಅಕ್ಕಪಕ್ಕ ಇಟ್ಟು, ಹೊರಗಿನ ಪರೀಕ್ಷಕರಿಗೆ ಯಾವುದನ್ನು ಬಳಸಿದರೂ ಅಂಕ ಕೊಡುವಂತೆ ಮುಂಚಿತವಾಗಿಯೇ ಲಿಖಿತ ಸೂಚನೆ ಕಳುಹಿಸಿ.